ಮನೆಯಲ್ಲಿ ಎಷ್ಟು ಕೋವಿ ಇರಬೇಕು?



ಕುಟುಂಬ ಪ್ರಾರ್ಥನೆ, ಮಕ್ಕಳ ಧರ್ಮೋಪದೇಶ, ಮದುವೆಯ ಸಿದ್ಧತೆ, ಮುಪ್ಪಿನ ತಂದೆತಾಯಿಗಳ ಆರೈಕೆ ಮುಂತಾದ ವಿಷಯಗಳನ್ನು ಓದಲೆಂದು ಈ ಪುಟವನ್ನು ತೆರೆಯುವ ನಿಮಗೆ ಮೇಲಿನ ತಲೆಬರಹ ವಿಚಿತ್ರವಾಗಿ ಕಂಡೀತು. ಪಟ್ಟಣದ ಓದುಗರು "ನಮಗೇಕೆ ಈ ಮಾತು?" ಎಂದು ಪುಟ ತಿರುವಿದರೂ ಆಶ್ಚರ್ಯವಿಲ್ಲ. ಆದರೆ ಚಿಕ್ಕಮಗಳೂರು, ಕೊಡಗು, ಸಕಲೇಶಪುರ, ತೀರ್ಥಹಳ್ಳಿ, ಬೆಳ್ತಂಗಡಿ, ಸುಳ್ಯದ ಕಡೆಯ ಧರ್ಮಕೇಂದ್ರಗಳಲ್ಲಿ ಭಾನುವಾರದ ಬಲಿಪೂಜೆಗೆ ಬಂದು ಕೂರುವ ಕುಟುಂಬಗಳಲ್ಲಿ ಎಷ್ಟರ ಮನೆಯಲ್ಲಿ ಕೋವಿ ಇದೆಯೆಂದು ಒಮ್ಮೆ ಎಣಿಸಿ ನೋಡಿ. ಕಾಫಿ, ಅಡಿಕೆ, ಮೆಣಸು, ಗದ್ದೆ ಇರುವ ಮನೆಯಲ್ಲಿ ಕೋವಿಯೂ ಇರುತ್ತದೆ. ಅದರ ಬಗ್ಗೆ ನಾವು ಪೊಲೀಸ್ ಠಾಣೆಯಲ್ಲಿ ಮಾತನಾಡುತ್ತೇವೆ, ತಾಲ್ಲೂಕು ಕಚೇರಿಯಲ್ಲಿ ಮಾತನಾಡುತ್ತೇವೆ, ಹಬ್ಬದೂಟದ ನಂತರ ಜಗಲಿಯಲ್ಲಿ ಬೇಕಾದಷ್ಟು ಮಾತನಾಡುತ್ತೇವೆ. ಆತ್ಮಸಾಕ್ಷಿಯ ಮುಂದೆ ಮಾತ್ರ ಆ ಮಾತು ಬರುವುದೇ ಇಲ್ಲ. ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡಿಕೊಳ್ಳುವಾಗ "ನಾನು ಕೊಲೆ ಮಾಡಿಲ್ಲ" ಎಂದು ಐದನೆಯ ಆಜ್ಞೆಯನ್ನು ದಾಟಿ ಬೇಗನೆ ಆರನೆಯದಕ್ಕೆ ಹೋಗಿಬಿಡುತ್ತೇವೆ.

ನಾನು ಹುಟ್ಟಿ ಬೆಳೆದ ಮನೆಯ ನಡುಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ ಒಂದು ಗೋಡೆಯ ಮೇಲಿತ್ತು. ಎದುರು ಗೋಡೆಗೆ ಎರಡು ಗೂಟ ಹೊಡೆದು ಕೋವಿಯನ್ನು ತೂಗುಹಾಕಿದ್ದರು. ಸಂಜೆ ಜಪಸರಕ್ಕೆ ಮೊಣಕಾಲೂರಿದಾಗ ಪಟ ಕಣ್ಣ ಮುಂದೆ, ಕೋವಿ ಬೆನ್ನ ಹಿಂದೆ. ಇದರಲ್ಲಿ ಏನಾದರೂ ವಿರೋಧವಿದೆಯೆಂದು ನಮಗಾರಿಗೂ ಅನ್ನಿಸಿರಲಿಲ್ಲ. ಕತ್ತಿ, ಗುದ್ದಲಿ, ಹಾರೆಗಳ ಹಾಗೆ ಅದೂ ಒಂದು ಸಲಕರಣೆ. ತಾತನದು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಅಪ್ಪ ಕೊಂಡದ್ದು ಒಂಟಿ ನಳಿಗೆಯ ತೋಟಾ ಕೋವಿ. ತೋಟ ನನ್ನ ಕೈಗೆ ಬಂದ ಮೇಲೆ ನಾನು ಜೋಡಿ ನಳಿಗೆಯದೊಂದನ್ನು ತೆಗೆದುಕೊಂಡೆ. ಏಕೆ ತೆಗೆದುಕೊಂಡೆ? ಪಕ್ಕದ ತೋಟದವರ ಬಳಿ ಇತ್ತು. ಅದಕ್ಕಿಂತ ಉತ್ತಮ ಕಾರಣ ಆಗಲೂ ಇರಲಿಲ್ಲ, ಈಗ ಯೋಚಿಸಿದರೂ ಹೊಳೆಯುವುದಿಲ್ಲ.

"ಎಷ್ಟು?" ಎಂಬ ಪ್ರಶ್ನೆಗೆ ಸರ್ಕಾರ ತನ್ನ ಉತ್ತರವನ್ನು ಕೊಟ್ಟಿದೆ. ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಒಬ್ಬರ ಹೆಸರಿನಲ್ಲಿ ಮೂರು ಬಂದೂಕುಗಳವರೆಗೆ ಇರಬಹುದಾಗಿತ್ತು. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ತಾತ ಮುತ್ತಾತರಿಂದ ಬಂದದ್ದು ಎಂದರೂ ಎಣಿಕೆಯಿಂದ ಬಿಡುಗಡೆಯಿಲ್ಲ. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗಾಗಲಿ ಪರವಾನಗಿ ಪಡೆದ ವ್ಯಾಪಾರಿಗಾಗಲಿ ಒಪ್ಪಿಸಬೇಕಾಯಿತು. ಅದೇ ತಿದ್ದುಪಡಿಯಲ್ಲಿ ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೊಡಗಿನಲ್ಲಿ ಮಾತ್ರ ಬ್ರಿಟಿಷರ ಕಾಲದಿಂದ ಬಂದ ಬೇರೆ ಪದ್ಧತಿಯಿದೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಕೊಡವರು ಕೈಲ್ ಮುಹೂರ್ತದ ದಿನ ಕೋವಿಯನ್ನು ಪೂಜೆಗೆ ಇಡುತ್ತಾರೆ, ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ನಮ್ಮ ವಿಶ್ವಾಸದ ರೀತಿ ಬೇರೆ. ಆದರೂ ಹುಟ್ಟು ಸಾವುಗಳ ಗಾಂಭೀರ್ಯವನ್ನು ಆ ವಸ್ತುವಿಗೆ ಕೊಟ್ಟಿರುವ ಜನರಿಂದ, ಅದನ್ನು ಛತ್ರಿಯಂತೆ ಮೂಲೆಗೆ ಒರಗಿಸಿಡುವ ನಾವು ಒಂದಿಷ್ಟು ಕಲಿಯಬಹುದು.

ನನ್ನ ಹೆಸರಿನಲ್ಲಿ ಮೂರಿದ್ದವು. ಕಾನೂನು ಬಂದಾಗ ತಾತನ ಕೇಪಿನ ಕೋವಿಯನ್ನು ಒಪ್ಪಿಸಿದೆ. ಮನಸ್ಸಿಗೆ ನೋವಾಯಿತು, ಸುಳ್ಳೇಕೆ ಹೇಳಲಿ? ಎರಡು ಉಳಿದವು. ಕಾನೂನು ಎರಡು ಎಂದಿತು, ನನ್ನಲ್ಲಿ ಎರಡಿವೆ, ಲೆಕ್ಕ ಸರಿಯಾಯಿತು ಎಂದು ನೆಮ್ಮದಿಯಾದೆ. ಇಲ್ಲಿಯೇ ನಾವೆಲ್ಲ ಎಡವುವುದು. ಕಾನೂನು ಹಾಕುವುದು ಮೇಲಿನ ಮಿತಿಯನ್ನು. ಅಲ್ಲಿಯವರೆಗೆ ತುಂಬಿಕೊಳ್ಳಬೇಕೆಂದು ಅದು ಹೇಳುವುದಿಲ್ಲ. ಬೇಕೇ, ಏತಕ್ಕೆ ಬೇಕು, ಯಾರ ವಿರುದ್ಧ ಬೇಕು, ಯಾರ ಕೈಗೆ ಸಿಗುತ್ತದೆ ಎಂಬುದನ್ನು ಮನೆಯ ಯಜಮಾನ ತನ್ನನ್ನೇ ಕೇಳಿಕೊಳ್ಳಬೇಕು.

"ಎರಡು" ಎಂದಾಗ ಶುಭಸಂದೇಶವನ್ನು ಓದುವವರಿಗೆ ಒಂದು ಪ್ರಸಂಗ ನೆನಪಾಗದೆ ಇರದು. ಕಡೆಯ ಭೋಜನದ ರಾತ್ರಿ ಯೇಸುಸ್ವಾಮಿ ಶಿಷ್ಯರಿಗೆ ಮುಂದೆ ಬರಲಿರುವ ಕಷ್ಟಗಳನ್ನು ಹೇಳುತ್ತಾ, ಕತ್ತಿ ಇಲ್ಲದವನು ಮೇಲುಹೊದಿಕೆಯನ್ನು ಮಾರಿಯಾದರೂ ಒಂದನ್ನು ಕೊಳ್ಳಲಿ ಎಂದರೆಂದು ಸಂತ ಲೂಕ ಬರೆಯುತ್ತಾನೆ. ಶಿಷ್ಯರು ಒಡನೆಯೇ, ಇಗೋ ಇಲ್ಲಿ ಎರಡು ಕತ್ತಿಗಳಿವೆ ಎಂದು ತೋರಿಸಿದರು. ಸ್ವಾಮಿ ಸಾಕು ಎಂದರು. ಈ "ಸಾಕು" ಎಂಬ ಮಾತಿನ ಮೇಲೆ ಎಷ್ಟೋ ವ್ಯಾಖ್ಯಾನಗಳು ಹುಟ್ಟಿವೆ. ಎಂಟನೆಯ ಬೊನಿಫೇಸ್ ಜಗದ್ಗುರುಗಳು 1302ರಲ್ಲಿ ಆ ಎರಡು ಕತ್ತಿಗಳನ್ನು ಧರ್ಮಸಭೆಯ ಅಧಿಕಾರಕ್ಕೂ ರಾಜರ ಅಧಿಕಾರಕ್ಕೂ ಹೋಲಿಸಿದರು. ಅಷ್ಟು ದೂರ ನಾವು ಹೋಗುವುದು ಬೇಡ. ಕೋವಿಪ್ರಿಯರಾದ ನನ್ನ ಬಂಧುವೊಬ್ಬರು "ನೋಡಿ, ಸ್ವಾಮಿಯೇ ಎರಡಕ್ಕೆ ಅನುಮತಿ ಕೊಟ್ಟಿದ್ದಾರೆ, ಸರ್ಕಾರಕ್ಕೆ 2019ರವರೆಗೆ ತಿಳಿಯಲಿಲ್ಲ" ಎಂದು ನಗೆಯಾಡುವುದುಂಟು. ಅವರಿಗೆ ನಾನು ಹೇಳುವುದಿಷ್ಟೇ: ಅದೇ ಅಧ್ಯಾಯವನ್ನು ಇನ್ನೂ ಹದಿನೈದು ವಾಕ್ಯ ಓದಿ. ಆ ಎರಡರಲ್ಲಿ ಒಂದು ಕತ್ತಿ ಅದೇ ರಾತ್ರಿ ಒರೆಯಿಂದ ಹೊರಬಂತು. ಕತ್ತಲೆ, ಗಾಬರಿ, ಗುರುವಿನ ಮೇಲಿನ ಪ್ರೀತಿ, ಅರೆನಿದ್ದೆ, ಎಲ್ಲ ಸೇರಿ ಪೇತ್ರನ ಕೈ ಬೀಸಿತು. ಪೆಟ್ಟು ತಗುಲಿದ್ದು ಯಾರಿಗೆ? ಯೂದನಿಗಲ್ಲ, ಪ್ರಧಾನಯಾಜಕನಿಗಲ್ಲ, ಅಪ್ಪಣೆಯಂತೆ ಬಂದಿದ್ದ ಒಬ್ಬ ಆಳಿಗೆ. ಕಿವಿಯನ್ನು ಮರಳಿ ಜೋಡಿಸಲು ಅಲ್ಲಿ ಸ್ವಾಮಿಯೇ ಇದ್ದರು. ನಮ್ಮ ತೋಟದಲ್ಲಿ, ರಾತ್ರಿ ಎರಡು ಗಂಟೆಗೆ, ಯಾರಿರುತ್ತಾರೆ?

ಇದನ್ನು ನಾನು ಪುಸ್ತಕ ಓದಿ ಬರೆಯುತ್ತಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಭತ್ತ ಹಾಲುಕಟ್ಟುವ ಕಾಲ. ಮೂರು ರಾತ್ರಿ ಬಿಡದೆ ಹಂದಿಗಳು ಗದ್ದೆಗೆ ಇಳಿದು ಕಾಲುಭಾಗ ಉರುಳಿಸಿದ್ದವು. ನಾಲ್ಕನೆಯ ರಾತ್ರಿ ಜೋಡಿ ನಳಿಗೆಯ ಎರಡೂ ಕಡೆ ತೋಟಾ ತುಂಬಿ ಅಂಚಿನ ಮರದ ಕೆಳಗೆ ಕುಳಿತೆ. ಮನಸ್ಸಿನಲ್ಲಿ ಸಿಟ್ಟು, ಹೊಟ್ಟೆಯಲ್ಲಿ ಸ್ವಲ್ಪ ಬ್ರಾಂದಿ. ಸರಿರಾತ್ರಿಯ ಮೇಲೆ ತೊರೆಯ ಬದಿಯ ಪೊದೆಯಲ್ಲಿ ಸದ್ದಾಯಿತು. ಕಪ್ಪಗೆ, ತಗ್ಗಾಗಿ, ದುಂಡಗೆ ಒಂದು ಆಕಾರ. ಹಂದಿಯೇ ಸರಿ. ಕೋವಿಯನ್ನು ಹೆಗಲಿಗೆ ಕೊಟ್ಟು ಬೆರಳನ್ನು ಒಳಗೆ ಹಾಕಿದೆ. ಆಗ ಹಂದಿ ಕೆಮ್ಮಿತು.

ನಮ್ಮ ಲೈನ್ ಮನೆಯಲ್ಲಿದ್ದ ಕೂಲಿಯವನು. ಕಂಬಳಿ ಹೊದ್ದು ಬಹಿರ್ದೆಸೆಗೆ ಕುಳಿತಿದ್ದ. ಇನ್ನೊಂದು ಉಸಿರಿನಷ್ಟು ತಡವಾಗಿದ್ದರೆ ಅವನ ಹೆಂಡತಿ ವಿಧವೆ, ನಾನು ಕೊಲೆಗಾರ. ಹಂದಿಯೆಂದು ಭಾವಿಸಿ ಹಾರಿಸಿದ ಗುಂಡಿಗೆ ಸಂಗಡಿಗ ಬಲಿಯಾದನೆಂಬ ಸುದ್ದಿಯನ್ನು ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಓದುವಾಗ "ಎಂಥ ಮೂರ್ಖರು!" ಎಂದುಕೊಳ್ಳುತ್ತೇವೆ. ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ.

ಆ ಶನಿವಾರ ಪಾಪನಿವೇದನೆಗೆ ಹೋದೆ. ಗುರುಗಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದರು: "ಅವನು ಅಲ್ಲಿಗೆ ಏಕೆ ಹೋಗಿದ್ದ?" ನಾನು ಹೇಳಿದೆ. "ಲೈನಿನಲ್ಲಿ ಕಕ್ಕಸು ಇಲ್ಲವೇ?" ಎಂದರು. ಇರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ನಾನು ಎರಡನೆಯ ತೋಟಾ ಕೋವಿಗೆ ಹಣ ಹೊಂದಿಸಿದ್ದೆ. ನಾಲ್ಕು ಸಂಸಾರಗಳು ವಾಸಿಸುವ ಲೈನಿಗೆ ಒಂದು ಕಕ್ಕಸು ಕಟ್ಟಿಸಲು ನನ್ನ ಬಳಿ ಹಣವಿರಲಿಲ್ಲ! ಗುರುಗಳು ವಿಧಿಸಿದ ಪ್ರಾಯಶ್ಚಿತ್ತದಲ್ಲಿ ಜಪಗಳಿಗಿಂತ ಇಟ್ಟಿಗೆ ಸಿಮೆಂಟುಗಳೇ ಹೆಚ್ಚಾಗಿದ್ದವು. ಆ ಮನುಷ್ಯನಿಗೂ ನಿಜ ಹೇಳಬೇಕೆಂದರು. ಹೇಳಿದೆ. ಅವನು ಮೊದಲು ನಕ್ಕ, ಆಮೇಲೆ ನಗಲಿಲ್ಲ.

ಅಂದಿನಿಂದ ಕೋವಿಯ ವಿಷಯ ಬಂದಾಗ ನನಗೆ ಮೊದಲು ಬರುವ ಪ್ರಶ್ನೆ ಎಷ್ಟು ಕೋವಿ ಎಂಬುದಲ್ಲ. ಈ ಕೋವಿ ಯಾವ ಕೆಲಸದ ಬದಲಿಗೆ ಬಂದಿದೆ ಎಂಬುದು. ನೀವೂ ಕೇಳಿ ನೋಡಿ. ಬೇಲಿಯ ಬದಲಿಗೋ? ಗದ್ದೆಯ ಸುತ್ತ ಕಂದಕ, ಸೌರ ಬೇಲಿ, ಎರಡು ಒಳ್ಳೆಯ ನಾಯಿ, ಸರದಿಯ ಮೇಲೆ ನೆರೆಹೊರೆಯವರ ಕಾವಲು ಇವುಗಳ ಶ್ರಮವನ್ನು ಉಳಿಸಲು ಕೋವಿಯೋ? (ಬೇಲಿಗೆ ನೇರ ವಿದ್ಯುತ್ ಕೊಡುವವರ ಮಾತನ್ನು ನಾನು ಆಡುತ್ತಿಲ್ಲ. ಅದು ಕಾನೂನಿಗೂ ದೇವರಿಗೂ ವಿರೋಧ. ಆನೆಯನ್ನೂ ಕೊಲ್ಲುತ್ತದೆ, ನೆರೆಮನೆಯ ಮಗುವನ್ನೂ ಕೊಲ್ಲುತ್ತದೆ.) ಇಲ್ಲವೇ ರಾಜಿಯ ಬದಲಿಗೋ? ಗಡಿಕಲ್ಲಿನ ತಕರಾರಿನಲ್ಲಿ ಅಣ್ಣ ತಮ್ಮಂದಿರು ಮಾತುಬಿಟ್ಟ ಮೇಲೆ ಎರಡೂ ಮನೆಯಲ್ಲಿ ಕೋವಿಗೆ ಎಣ್ಣೆ ಹಚ್ಚುವುದು ಶುರುವಾಗುತ್ತದೆ. ಕಾಣಿಕೆಯನ್ನು ಪೀಠದ ಬಳಿಯಲ್ಲೇ ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನವಾಗು ಎಂದ ಸ್ವಾಮಿಯ ಮಾತು ಹೀಗೆ ಎಣ್ಣೆ ಹಚ್ಚಿ ಬಲಿಪೂಜೆಗೆ ಬಂದವರಿಗೆ ಹೇಗೆ ಕೇಳಿಸುತ್ತದೆಯೋ ನಾನರಿಯೆ. ಇನ್ನು ಕೆಲವರಿಗೆ ಕೋವಿ ಮರ್ಯಾದೆಯ ಬದಲಿಗೆ. ಅಂಥವರಲ್ಲಿ ನಾನೂ ಒಬ್ಬನಾಗಿದ್ದೆ.

ಹಾಗಾದರೆ ಕೋವಿಯನ್ನು ಇಟ್ಟುಕೊಳ್ಳುವುದೇ ಪಾಪವೇ? ಅಲ್ಲ. ಧರ್ಮಸಭೆ ಹಾಗೆ ಬೋಧಿಸುವುದಿಲ್ಲ. ಸಂತ ಥಾಮಸ್ ಅಕ್ವಿನಾಸರು ಈ ವಿಷಯವನ್ನು ಬಹು ಎಚ್ಚರಿಕೆಯಿಂದ ಬಿಡಿಸಿಟ್ಟಿದ್ದಾರೆ. ಒಂದೇ ಕ್ರಿಯೆಗೆ ಎರಡು ಪರಿಣಾಮಗಳಿರಬಹುದು. ನನ್ನ ಪ್ರಾಣ ಉಳಿಯುವುದು ಒಂದು, ಮೇಲೆರಗಿ ಬಂದವನ ಪ್ರಾಣ ಹೋಗುವುದು ಇನ್ನೊಂದು. ಮೊದಲನೆಯದನ್ನು ಉದ್ದೇಶಿಸಿ, ಅಗತ್ಯಕ್ಕೆ ತಕ್ಕಷ್ಟೇ ಬಲವನ್ನು ಬಳಸಿದರೆ ದೋಷವಿಲ್ಲ. ಅಗತ್ಯವನ್ನು ಮೀರಿದರೆ ದೋಷವಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದನ್ನೇ ಮುಂದುವರಿಸಿದೆ. ಇತರರ ಪ್ರಾಣಕ್ಕೆ ಹೊಣೆಯಾದವನಿಗೆ ರಕ್ಷಣೆ ಹಕ್ಕಷ್ಟೇ ಅಲ್ಲ, ಕೆಲವೊಮ್ಮೆ ಗಂಭೀರ ಕರ್ತವ್ಯವೂ ಆಗಬಹುದೆಂದು ಅದು ಹೇಳುತ್ತದೆ. ಕಾಡಂಚಿನ ಒಂಟಿ ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಬಾಳುವವನಿಗೆ ಇದು ಸಾಂತ್ವನದ ಮಾತು.

ಆದರೆ ಅಗತ್ಯವನ್ನು ಅಳೆಯುವುದು ಹೇಗೆ? ವಿಮೋಚನಾಕಾಂಡದ 22ನೆಯ ಅಧ್ಯಾಯದ ಆರಂಭವನ್ನು ತೆರೆದು ನೋಡಿ. ಕನ್ನ ಕೊರೆಯುತ್ತಿರುವಾಗ ಸಿಕ್ಕಿದ ಕಳ್ಳ ಪೆಟ್ಟು ತಿಂದು ಸತ್ತರೆ ಹೊಡೆದವನ ಮೇಲೆ ರಕ್ತಾಪರಾಧವಿಲ್ಲ. ಸೂರ್ಯೋದಯವಾದ ಮೇಲೆ ಹಾಗಾದರೆ ರಕ್ತಾಪರಾಧವಿದೆ. ಮೂರು ಸಾವಿರ ವರ್ಷಗಳಷ್ಟು ಹಿಂದಿನ ಈ ಕಟ್ಟಳೆಯನ್ನು ಓದಿದಾಗಲೆಲ್ಲ ನಾನು ಬೆರಗಾಗುತ್ತೇನೆ. ಏಕೆಂದರೆ ನಮ್ಮ ದೇಶದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 41ನೆಯ ಕಲಮು ಕೂಡ ಸೂರ್ಯನನ್ನೇ ಸಾಕ್ಷಿಗೆ ಕರೆಯುತ್ತದೆ. ಸ್ವತ್ತಿನ ರಕ್ಷಣೆಗಾಗಿ ಪ್ರಾಣ ತೆಗೆಯುವವರೆಗೂ ಹೋಗಬಹುದಾದ ಕೆಲವೇ ಸಂದರ್ಭಗಳಲ್ಲಿ ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುನ್ನ ಮನೆಗೆ ಕನ್ನ ಹಾಕುವುದೂ ಒಂದು. ಬೆಳಕಿಗೂ ಅಪರಾಧಕ್ಕೂ ಏನು ಸಂಬಂಧ? ಬೆಳಕಿನಲ್ಲಿ ಬಂದವನ ಮುಖ ಕಾಣುತ್ತದೆ. ಅವನ ಕೈಯಲ್ಲಿರುವುದು ಮಚ್ಚೋ ಚೀಲವೋ ತಿಳಿಯುತ್ತದೆ. ಕೂಗಿದರೆ ನಾಲ್ಕು ಜನ ಬರುತ್ತಾರೆ. ಮುಖ ಕಂಡ ಮೇಲೆ ಅವನು ಬರಿಯ ಕಳ್ಳನಾಗಿ ಉಳಿಯುವುದಿಲ್ಲ, ಇಂಥವನ ಮಗನಾಗುತ್ತಾನೆ.

ನಮ್ಮಲ್ಲಿ ಕಣದಲ್ಲಿ ಒಣಗಲು ಹಾಕಿದ ಮೆಣಸನ್ನೋ ಅಡಿಕೆಯನ್ನೋ ಬಾಚಿಕೊಂಡು ಓಡುವ ಹುಡುಗನಿಗೆ ಈ ಕಲಮು ಅನ್ವಯಿಸುವುದಿಲ್ಲವೆಂದು ತಿಳಿದಿರಲಿ. ಅವನು ಓಡುತ್ತಿದ್ದಾನೆ, ನಿಮ್ಮ ಪ್ರಾಣಕ್ಕೆ ಬಂದಿಲ್ಲ. ಮೆಣಸಿಗೆ ಎಷ್ಟೇ ಬೆಲೆ ಬಂದಿರಲಿ, ಓಡುವವನ ಬೆನ್ನಿಗೆ ಈಡು ಹೊಡೆಯುವಷ್ಟು ಬೆಲೆ ಅದಕ್ಕೆಂದೂ ಬಂದಿಲ್ಲ. "ಕಾಲಿಗೆ ಹೊಡೆಯುತ್ತೇನೆ" ಎನ್ನುವವರಿದ್ದಾರೆ. ಕತ್ತಲಲ್ಲಿ ಓಡುವ ಕಾಲನ್ನು ಗುರಿಯಿಟ್ಟು ಹೊಡೆಯಬಲ್ಲವರು ನಮ್ಮ ಧರ್ಮಕೇಂದ್ರದಲ್ಲಂತೂ ಯಾರೂ ಇಲ್ಲ.

ಪ್ರಾಣಿಗಳ ಮಾತನ್ನೂ ಒಂದಿಷ್ಟು ಆಡಬೇಕು. ಬೆಳೆ ರಕ್ಷಣೆಗೆಂದು ಕೊಟ್ಟ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಂದಿಯನ್ನು ಹೊಡೆಯುವುದೂ ಅಪರಾಧ. ಕ್ರಿಸ್‌ಮಸ್ ಊಟಕ್ಕೆ ಕಾಡಿನ ಮಾಂಸ ಇರಲೇಬೇಕೆಂಬ ಹಠ ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಉಂಟು. ಅದಕ್ಕಾಗಿ ಬಾಲಯೇಸುವಿನ ಹೆಸರನ್ನು ಬಳಸಿಕೊಳ್ಳುವುದನ್ನಾದರೂ ನಿಲ್ಲಿಸೋಣ. ಆನೆಗೆ ಚರೆ ಹೊಡೆಯುವುದು ಕ್ರೌರ್ಯ ಮಾತ್ರವಲ್ಲ, ಮೂರ್ಖತನವೂ ಹೌದು. ಚರೆಯಿಂದ ಆನೆ ಸಾಯುವುದಿಲ್ಲ, ಗಾಯ ಕೊಳೆತು ನರಳುತ್ತದೆ. ಮರುದಿನ ಬೆಳಿಗ್ಗೆ ಅದರ ಎದುರಿಗೆ ಸಿಗುವುದು ಹೊಡೆದ ಯಜಮಾನನಲ್ಲ, ಬುತ್ತಿ ಹಿಡಿದು ಕೆಲಸಕ್ಕೆ ಬರುವ ಹೆಂಗಸು. ಹೀಗೆ ಒಂದೊಂದನ್ನೇ ಕಳೆಯುತ್ತಾ ಬಂದರೆ ತೋಟದ ಕೋವಿಗೆ ನ್ಯಾಯವಾಗಿ ಉಳಿಯುವ ಕೆಲಸ ಗಾಳಿಯಲ್ಲಿ ಒಂದು ಸದ್ದು ಮಾಡುವುದು, ಅಪರೂಪಕ್ಕೆ ಮೇಲೆರಗಿದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳುವುದು, ಅಷ್ಟೇ. ಇದಕ್ಕೆ ಒಂದು ಕೋವಿ ಸಾಕು.

ಈಗ ಮನೆಯೊಳಕ್ಕೆ ಬರೋಣ. ಇಷ್ಟು ಹೊತ್ತು ಹೊರಗಿನಿಂದ ಬರುವ ಅಪಾಯವನ್ನೇ ಲೆಕ್ಕ ಹಾಕಿದೆವು. ಕೋವಿ ಮಾತ್ರ ವರ್ಷದ ಮುನ್ನೂರ ಅರವತ್ತು ದಿನ ಇರುವುದು ಮನೆಯೊಳಗೆ, ನಮ್ಮವರ ನಡುವೆ.

ಮೋಶೆಯ ಧರ್ಮಶಾಸ್ತ್ರದಲ್ಲಿ ಹಾಯುವ ಎತ್ತಿನ ಬಗ್ಗೆ ಒಂದು ವಿಧಿಯಿದೆ. ಎತ್ತು ಮೊದಲ ಸಲ ಹಾದು ಯಾರಾದರೂ ಸತ್ತರೆ ಯಜಮಾನ ನಿರಪರಾಧಿ. ಅದು ಹಾಯುವ ಎತ್ತೆಂದು ಮೊದಲೇ ತಿಳಿದಿದ್ದು, ಎಚ್ಚರಿಕೆ ಕೊಟ್ಟಿದ್ದೂ ಕಟ್ಟಿಹಾಕದೆ ಬಿಟ್ಟಿದ್ದರೆ ಆ ಸಾವಿಗೆ ಯಜಮಾನನೇ ಹೊಣೆ. ಹೊಸ ಮನೆ ಕಟ್ಟಿದವನು ಯಾರೂ ಬೀಳದಂತೆ ಮಾಳಿಗೆಗೆ ಸುತ್ತುಗೋಡೆ ಕಟ್ಟಬೇಕೆಂದು ಧರ್ಮೋಪದೇಶಕಾಂಡವೂ ಆಜ್ಞಾಪಿಸುತ್ತದೆ. "ನಾನೇನು ತಳ್ಳಿದೆನೇ?" ಎಂಬ ಸಬೂಬಿಗೆ ದೇವರ ಮುಂದೆ ಅವಕಾಶವಿಲ್ಲ. ತಿಳಿದೂ ತಡೆಯದಿದ್ದುದು ನಮ್ಮ ಲೆಕ್ಕಕ್ಕೇ ಬರುತ್ತದೆ. ಕೋವಿಯಿರುವ ಮನೆಗೆ ಸುತ್ತುಗೋಡೆ ಎಂದರೆ ಯಾವುದು? ಕೋವಿ ಗೂಟದ ಮೇಲಲ್ಲ, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿ. ತೋಟಾಗಳು ಬೇರೆ ಕಡೆ, ಬೇರೆ ಬೀಗದಲ್ಲಿ. ತುಂಬಿದ ಕೋವಿ ಹೊಸಿಲು ದಾಟಿ ಒಳಗೆ ಬರಕೂಡದು. ಬೇಲಿ ಹತ್ತುವಾಗ, ಜೀಪು ಏರುವಾಗ ತೋಟಾ ಹೊರಕ್ಕೆ. ಬರಿದಾಗಿದೆ ಎಂದು ನೀವೇ ನೋಡಿದ್ದರೂ ನಳಿಗೆಯನ್ನು ಮನುಷ್ಯರ ಕಡೆಗೆ ತಿರುಗಿಸಬೇಡಿ. ಸದ್ದಿಗೆ ಗುಂಡಿಲ್ಲ, ಆಕಾರಕ್ಕೆ ಗುಂಡಿಲ್ಲ. ಏನೆಂದು ಕಣ್ಣಾರೆ ಕಂಡ ಮೇಲೆ, ಅದರ ಹಿಂದೆ ಏನಿದೆಯೆಂದೂ ಕಂಡ ಮೇಲೆ ಮಾತ್ರ. ಕುಡಿದ ದಿನ ಪೆಟ್ಟಿಗೆಯನ್ನು ಮುಟ್ಟುವುದೇ ಬೇಡ. ಈ ಕೊನೆಯದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಕುಡಿತವೊಂದೇ ಅಲ್ಲ. ಸಾಲ, ಬೆಳೆನಷ್ಟ, ಮುರಿದ ಮದುವೆ, ಪರೀಕ್ಷೆಯ ಸೋಲು, ಹೆರಿಗೆಯ ನಂತರದ ಮಂಕು, ವಯಸ್ಸಾದವರ ಒಂಟಿತನ, ಇವು ಯಾವ ಮನೆಯ ಬಾಗಿಲನ್ನು ತಟ್ಟುವುದಿಲ್ಲ ಹೇಳಿ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ನಿರಾಶೆಯೂ ಕೋಪದಂತೆಯೇ. ಅದು ಅಲೆಯಾಗಿ ಬಂದು ಇಳಿದು ಹೋಗುವಂಥದ್ದು. ಆ ಕೆಲವು ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ. ಮನೆಯಲ್ಲಿ ಯಾರಾದರೂ ಮಾತು ಕಡಿಮೆ ಮಾಡಿ ಊಟ ಬಿಟ್ಟು ಕುಳಿತಿದ್ದರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇರವಾಗಿ ಕೇಳಿ. ಕೇಳುವುದರಿಂದ ಕೇಡಾಗುವುದಿಲ್ಲ. ಗುರುಗಳಿಗೆ ತಿಳಿಸಿ, ವೈದ್ಯರ ಬಳಿ ಕರೆದೊಯ್ಯಿರಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಆ ದಿನಗಳು ಕಳೆಯುವವರೆಗೆ ಕೋವಿಯನ್ನು ಪರವಾನಗಿಯುಳ್ಳ ವ್ಯಾಪಾರಿಯ ಸುಪರ್ದಿಗೆ ಒಪ್ಪಿಸಿ ರಸೀತಿ ಪಡೆಯಿರಿ. ಊರವರು ಏನೆಂದಾರು ಎಂದು ಹಿಂಜರಿಯಬೇಡಿ. ಹಾಗೆ ಒಬ್ಬರನ್ನು ಈಗಾಗಲೇ ಕಳೆದುಕೊಂಡ ಮನೆಯವರು ಇದನ್ನು ಓದುತ್ತಿದ್ದರೆ, ಅಂಥ ಆತ್ಮಗಳ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಅವರಿಗಾಗಿ ತಾನು ಪ್ರಾರ್ಥಿಸುವುದಾಗಿಯೂ ಧರ್ಮಸಭೆಯೇ ಬೋಧಿಸುತ್ತದೆಂಬುದನ್ನು ಮರೆಯಬೇಡಿ. ಹಳೆಯ ಕಾಲದ ಕಟುಮಾತುಗಳನ್ನು ಯಾರಾದರೂ ಆಡಿದರೆ ಅವರಿಗೆ ಕಿವಿಗೊಡಬೇಡಿ.

ಚುನಾವಣೆ ಘೋಷಣೆಯಾದಾಗಲೆಲ್ಲ ಕೋವಿಗಳನ್ನು ಠಾಣೆಗೆ ತಂದಿಡಿ ಎಂಬ ಆದೇಶ ಬರುತ್ತದೆ, ನಾವೆಲ್ಲ ಗೊಣಗುತ್ತೇವೆ. ಬೆಳೆಗಾರರ ಗೊಣಗಾಟದಲ್ಲಿ ಸತ್ಯವೂ ಉಂಟು, ಹಂದಿ ಮಂಗಗಳಿಗೆ ಚುನಾವಣೆಯ ನೀತಿಸಂಹಿತೆ ತಿಳಿಯದು. 2024ರಲ್ಲಿ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಗಿ ಜೂನ್ 4ಕ್ಕೆ ಫಲಿತಾಂಶ ಬಂದಿತು. ಆ ಎರಡೂವರೆ ತಿಂಗಳು ನನ್ನ ಎರಡೂ ಕೋವಿಗಳು ಠಾಣೆಯಲ್ಲಿದ್ದವು. ಮಂಗಗಳು ಒಂದಿಷ್ಟು ಏಲಕ್ಕಿ ಬಾಳೆ ತಿಂದವು. ಬೇರೇನೂ ಆಗಲಿಲ್ಲ. ತಪಸ್ಸುಕಾಲದ ಕೊನೆಯಲ್ಲಿ ಕೋವಿಗೂ ಉಪವಾಸ ಬಂತು ಎಂದು ನಾನು ತಮಾಷೆ ಮಾಡುತ್ತಿದ್ದೆ.

ಜೂನ್ ತಿಂಗಳಲ್ಲಿ ರಸೀತಿ ಹುಡುಕುತ್ತಿದ್ದಾಗ ನನ್ನ ಮಡದಿ ಹೇಳಿದಳು: "ತರಲೇಬೇಕೇ? ಇಷ್ಟು ದಿನ ನಾನು ಚೆನ್ನಾಗಿ ನಿದ್ದೆ ಮಾಡಿದೆ." ನನಗೆ ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದಳು. ಹಿಂದಿನ ವರ್ಷ ನಮ್ಮ ಕಿರಿಯ ಮಗ ಪರೀಕ್ಷೆಯಲ್ಲಿ ನಪಾಸಾಗಿ ಆರು ತಿಂಗಳು ಕೋಣೆ ಸೇರಿಕೊಂಡಿದ್ದ. ಹುಡುಗು ಬುದ್ಧಿ, ಸರಿಹೋಗುತ್ತಾನೆ ಎಂದು ನಾನು ತೋಟದ ಕೆಲಸದಲ್ಲಿ ಮುಳುಗಿದ್ದೆ. ಅವಳು ಆ ಆರು ತಿಂಗಳೂ ನಾನು ಮಲಗಿದ ಮೇಲೆ ತೋಟಾ ಪೆಟ್ಟಿಗೆಯ ಬೀಗದಕೈಯನ್ನು ತೆಗೆದು ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಬೆಳಿಗ್ಗೆ ನಾನು ಏಳುವ ಮೊದಲು ಮತ್ತೆ ಮೊಳೆಗೆ ಹಾಕುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ. ಮನೆಯನ್ನು ರಕ್ಷಿಸುವವನು ನಾನು ಎಂದುಕೊಂಡಿದ್ದೆ.

ಮಗ ಈಗ ಚೆನ್ನಾಗಿದ್ದಾನೆ, ಮತ್ತೆ ಪರೀಕ್ಷೆಗೆ ಕಟ್ಟಿ ತೇರ್ಗಡೆಯಾದ, ದೇವರಿಗೆ ಸ್ತೋತ್ರ. ಜೋಡಿ ನಳಿಗೆಯದನ್ನು ಆ ವರ್ಷವೇ ಮಾರಿದೆ. ಅಪ್ಪನ ಒಂಟಿ ನಳಿಗೆ ಪೆಟ್ಟಿಗೆಯಲ್ಲಿದೆ. ತೋಟಾ ಪೆಟ್ಟಿಗೆಯ ಬೀಗದಕೈ ಅವಳ ಬಳಿಯಿದೆ, ಎಲ್ಲಿಟ್ಟಿದ್ದಾಳೆಂದು ನಾನು ಕೇಳಿಲ್ಲ. ನನ್ನ ಪರವಾನಗಿಯ ಅವಧಿ ಮುಗಿಯಲು ಇನ್ನೂ ಸ್ವಲ್ಪ ಕಾಲವಿದೆ. ನವೀಕರಣದ ಅರ್ಜಿಯಲ್ಲಿ ಹೆಂಡತಿಯ ಒಪ್ಪಿಗೆಗೆ ಸರ್ಕಾರ ಜಾಗ ಬಿಟ್ಟಿಲ್ಲ. ಆದರೂ ಸಹಿ ಹಾಕುವ ಮುನ್ನ ಈ ಸಲ ಅವಳನ್ನು ಕೇಳಬೇಕೆಂದಿದ್ದೇನೆ. ನಿಮ್ಮ ಮನೆಯಲ್ಲಿ ನೀವು ಕೇಳಿದ್ದೀರಾ?